ಬರುವವರಿಗೆ ತೋಡಿದ ಕುಣಿ

ನಮ್ಮ ಕಡೆ ಅಮಾವಾಸ್ಯೆಯ ದಿನ ನೆಲ ಅಗೆಯುವುದಿಲ್ಲ. ಎತ್ತು ಕಟ್ಟಿ ಗಳೇವು ಹೂಡುವುದಿಲ್ಲ, ಹೊಸ ಕೆಲಸಕ್ಕೆ ಕೈ ಹಚ್ಚುವುದಿಲ್ಲ. ನನಗೆ ಇದು ಗೊತ್ತಿರಲಿಲ್ಲವೆಂದು ಯಾರೂ ತಿಳಿಯಬಾರದು. ಗೊತ್ತಿದ್ದೇ, ದೀಪಾವಳಿ ಅಮಾವಾಸ್ಯೆಯ ಮಧ್ಯಾಹ್ನ, ಮನೆಮನೆಯಲ್ಲಿ ಲಕ್ಷ್ಮಿಯನ್ನು ಕೂಡಿಸುವ ಗಡಿಬಿಡಿ ನಡೆದಿದ್ದಾಗ, ನಾನು ಹಾಳೂರಿನ ಸಾಲೆಯ ಹಿಂದೆ ಎದೆಮಟ್ಟದ ಕುಣಿ ತೋಡುತ್ತ ನಿಂತಿದ್ದೆ. ಆ ಕುಣಿಯಿಂದ ನನ್ನ ತಮ್ಮ ನನ್ನ ಕೂಡ ಮಾತು ಬಿಟ್ಟ. ಅದನ್ನೇ ಹೇಳುತ್ತೇನೆ.

ಹಾಳೂರು ಅಂದರೆ ನಮ್ಮ ಹಳೆಯ ಊರು. ಬೀಳಗಿ ತಾಲ್ಲೂಕಿನಲ್ಲಿ, ಅನಗವಾಡಿಯ ಆಚೆ, ಕೃಷ್ಣೆಯ ದಂಡೆಗೆ ಇತ್ತು. ಆಣೆಕಟ್ಟಿನ ಹಿನ್ನೀರು ಬರುತ್ತದೆಂದು ಸರಕಾರ ಊರನ್ನೇ ಎಬ್ಬಿಸಿ ಪುನರ್ವಸತಿ ಕೇಂದ್ರಕ್ಕೆ ಹಾಕಿತು. ಜಿಲ್ಲೆ ಒಡೆದು ಬಾಗಲಕೋಟೆ ಬೇರೆಯಾದ ಕಾಲದ ಮಾತು. ಮಂದಿ ತೊಲೆ, ಬಾಗಿಲು, ಬೀಸುಕಲ್ಲು ಎಲ್ಲ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಹೋದರು. ಸಾಲೆಯನ್ನು ಮಾತ್ರ ಯಾರೂ ಹೇರಲಿಲ್ಲ. ಅದು ದಿನ್ನೆಯ ಮೇಲಿತ್ತು; ನೀರು ಅದರ ಮೆಟ್ಟಿಲತನಕ ಬಂದು ನಿಂತಿತು, ಮೇಲೆ ಏರಲಿಲ್ಲ. ಅದೇ ಸಾಲೆಯಲ್ಲಿ ನಾನು ನಾಲ್ಕನೇ ಇಯತ್ತೆ ಕಲಿತು ಬಿಟ್ಟವನು. ಬಿಡಿಸಿದರು ಅನ್ನುವುದಕ್ಕಿಂತ ಬಿಟ್ಟೆ ಅನ್ನುವುದೇ ಖರೆ. ಬನಹಟ್ಟಿಗೆ ಹೋಗಿ ನೂಲಿನ ಕಂಡಿಕೆ ಸುತ್ತಿದೆ, ಮಗ್ಗ ನಡೆಸಿದೆ, ಕಡೆಗೆ ಕೆಟ್ಟ ಮಗ್ಗ ರಿಪೇರಿ ಮಾಡುವ ಜಾಬರ್ ಆದೆ. ಮೋಟಾರಿನ ಸದ್ದು ಕೇಳಿ ಯಾವ ಬೇರಿಂಗ್ ಹೋಗಿದೆ ಹೇಳುತ್ತಿದ್ದೆ. ನನ್ನನ್ನು ಯಾರೂ ಕಲಿಯದವನು ಅಂದದ್ದಿಲ್ಲ. ಅನ್ನುವ ಸಂದರ್ಭ ನಾನು ಕೊಟ್ಟದ್ದಿಲ್ಲ.

ಮಗ್ಗದ ಧೂಳಿಗೆ ಎದೆ ಕಟ್ಟತೊಡಗಿದಾಗ ಕೇಂದ್ರಕ್ಕೆ ವಾಪಸು ಬಂದೆ. ಅಲ್ಲಿ ನನಗೂ ತಮ್ಮನಿಗೂ ಸಿಕ್ಕಿದ ಜಾಗಗಳು ಒಂದಕ್ಕೊಂದು ಹತ್ತಿ ಇದ್ದವು. ಎರಡು ಮನೆ, ನಡುವೆ ಒಂದೇ ಗೋಡೆ. ಆ ಕಡೆ ಒಗ್ಗರಣೆ ಹಾಕಿದರೆ ಈ ಕಡೆ ಸೀನು ಬರುತ್ತಿತ್ತು. ಹಾಳೂರಿನ ಸಾಲೆಯ ಮಗ್ಗುಲಿಗೆ, ನೀರು ಮುಟ್ಟದೆ ಉಳಿದ ನಮ್ಮ ಹೊಲದ ಒಂದು ಪಟ್ಟಿ ಇತ್ತು. ಅದನ್ನು ನಾವು ಪಾಲು ಮಾಡಿಕೊಂಡಿರಲಿಲ್ಲ. ಮಾಡಿಕೊಳ್ಳುವಷ್ಟು ದೊಡ್ಡದೂ ಇರಲಿಲ್ಲ, ಮನಸ್ಸೂ ಇರಲಿಲ್ಲ. ವರ್ಷಕ್ಕೊಮ್ಮೆ ಎಳ್ಳಮಾವಾಸ್ಯೆಗೆ ಎರಡೂ ಮನೆಯವರು ಅಲ್ಲಿಗೆ ಹೋಗಿ ಚರಗ ಚೆಲ್ಲುತ್ತಿದ್ದೆವು. ಕಡಬು, ರೊಟ್ಟಿ, ಪಲ್ಯ ಎಲ್ಲ ಕಲಸಿದ ಎಡೆಯನ್ನು ಬೆಳೆಗೆ ಉಣ್ಣಿಸುವ ಹಬ್ಬ ಅದು. ಹಿರಿಯನಾದ ನಾನು ಮುಂದೆ ಎಡೆ ಚೆಲ್ಲುತ್ತ ‘ಹುಲ್ಲುಲ್ಲಿಗೋ’ ಎಂದು ಕೂಗಬೇಕು. ತಮ್ಮ ತಂಬಿಗೆ ಹಿಡಿದು ಹಿಂದೆ ನೀರು ಚಿಮುಕಿಸುತ್ತ ಓಗೊಡಬೇಕು. ಚೆಲ್ಲುವವನು ಹೊಲದ ಕಡೆಯ ಬದು ಮುಟ್ಟುವತನಕ ಹಿಂದಿರುಗಿ ನೋಡುವುದಿಲ್ಲ, ಅದು ನಮ್ಮ ಮನೆಯ ಪದ್ಧತಿ. ಹಿಂದೆ ಓಗೊಡುವವನು ಇದ್ದಾನೆ ಎಂದು ನಂಬಿಯೇ ನಡೆಯಬೇಕು.

ಅಂಥದರಲ್ಲಿ ಮೇಡಮ್ಮ ಬಂದರು. ದೂರದ ಯಾವುದೋ ಸಂಶೋಧನೆಯ ಸಂಸ್ಥೆಯವರು, ದಕ್ಷಿಣದ ಕಡೆಯ ಮಾತು. ಜೀಪು ತಗೊಂಡು ಹಿನ್ನೀರಿನ ದಂಡೆಯ ಗುಂಟ ತಿರುಗಿ, ಕಡೆಗೆ ನಮ್ಮ ಹಾಳೂರಿನ ಸಾಲೆಯ ಮಾಳಿಗೆ ಹತ್ತಿ ನಿಂತರು. ಸಾಲೆಯ ದಾರಿ ತೋರಿಸಿದವನು ನಾನೇ.

“ಯಜಮಾನ್ರೇ, ಇಲ್ಲಿ ರಾತ್ರಿ ಒಂದು ದೀಪವೂ ಕಾಣಲ್ಲ ಅಲ್ವಾ?”

“ಎಲ್ಲಿಂದ ಕಾಣಬೇಕ್ರಿ? ಊರ ಇಲ್ಲ, ಕಂಬ ಕಿತಗೊಂಡ ಹೋಗ್ಯಾರ.”

“ನಮಗೆ ಬೇಕಾಗಿರೋದೇ ಈ ಕತ್ತಲೆ. ಎಲ್ಲೂ ಸಿಕ್ಕಿರಲಿಲ್ಲ.”

ಆ ಮಾತು ನನಗೆ ಒಂದು ಕಡೆ ಚುಚ್ಚಿತು. ನಮ್ಮೂರು ಹೋದದ್ದಕ್ಕೆ ಇವರಿಗೆ ಕತ್ತಲೆ ಸಿಕ್ಕಿತ್ತು. ಆದರೆ ಅವರು ಕೆಲಸದ ಮಾತು ಹೇಳತೊಡಗಿದಾಗ ಕೂತು ಕೇಳಿದೆ. ರಾತ್ರಿ ಆಕಾಶ ಪೂರಾ ಕಪ್ಪಲ್ಲವಂತೆ. ಚಂದ್ರನದಲ್ಲದ, ಚುಕ್ಕೆಗಳದೂ ಅಲ್ಲದ ಒಂದು ತೀರ ಮಂದ ಬೆಳಕು ನೂರು ಕಿಲೋಮೀಟರಿನ ಆಸುಪಾಸು ಎತ್ತರದಲ್ಲಿ ಹರಡಿಕೊಂಡಿರುತ್ತದಂತೆ. ಹಗಲೆಲ್ಲ ಬಿಸಿಲು ಅಲ್ಲಿಯ ಗಾಳಿಯ ಕಣಗಳನ್ನು ಒಡೆದು ಬಿಡಿಸುತ್ತದೆ. ಇರುಳು ಅವು ಮತ್ತೆ ಕೂಡಿಕೊಳ್ಳುವಾಗ ಆ ಬೆಳಕು ಬಿಡುತ್ತವೆ. ಕಣ್ಣಿಗೆ ಹತ್ತುವುದಿಲ್ಲ, ಇಡೀ ಆಕಾಶವನ್ನು ಒಮ್ಮೆಲೇ ನುಂಗುವ ಉಬ್ಬುಗಾಜಿನ ಕ್ಯಾಮೆರಾ ಬೇಕು. ಚಂದ್ರನಿದ್ದರೆ ಅದೂ ಕುರುಡು. ಹಾಗಾಗಿ ಅಮಾವಾಸ್ಯೆ, ಅದರ ಹಿಂದುಮುಂದಿನ ಕೆಲವು ರಾತ್ರಿ, ಅಷ್ಟೇ ಕೆಲಸ.

ಸಾಲೆಯ ಕೀಲಿ ನನ್ನ ಕೈಗೆ ಬಂತು. ಕಾವಲು, ಬ್ಯಾಟರಿ, ಗಾಜು ಒರೆಸುವುದು, ಗುಂಡಿ ಒತ್ತಿ ಶುರು ಮಾಡುವುದು ನನ್ನ ಪಾಲು. ಮನೆಯಲ್ಲಿ ಹೇಳಿದಾಗ ನನ್ನ ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

“ಮಂದಿ ಲೈಟ್ ಹಾಕಸ್ರಿ ಅಂತ ಆಫೀಸಿಗೆ ಅಡ್ಡಾಡತಾರ. ಈ ಮೇಡಮ್ಮ ಕತ್ತಲ ಹುಡಿಕ್ಕೊಂತ ಬಂದಾರಲ್ಲ. ಅದಕ್ಕ ನಿಮ್ಮನ್ನ ಕಾವಲಾ ಬ್ಯಾರೆ ಇಟ್ಟಾರ. ಕತ್ತಲಾ ಯಾರ ಕದೀತಾರ?”

ಗೋಡೆಯಾಚೆ ತಮ್ಮ ನಕ್ಕದ್ದು ಕೇಳಿಸಿತು. ಆಗ ನಗು ಇತ್ತು.

ಆ ಮನೆಯಲ್ಲಿ ಆಗ ಇನ್ನೊಂದು ಕಾರಣಕ್ಕೂ ನಗು ಇತ್ತು. ತಮ್ಮನ ಹೆಂಡತಿ ಬಸುರಿಯಿದ್ದಳು. ಮದುವೆಯಾಗಿ ಬಹಳ ವರ್ಷ ಕಾದ ಮೇಲಿನ ಬಸಿರು. ಆಕೆ ನನ್ನೆದುರು ಸೆರಗು ಹೊತ್ತೇ ಅಡ್ಡಾಡುವವಳು, ಎಂದೂ ನೇರ ಮಾತಾಡಿದವಳಲ್ಲ. ನನಗೆ ಹೇಳುವುದಿದ್ದರೆ ನನ್ನ ಹೆಂಡತಿಗೆ ಹೇಳಿದಂತೆ ಗಟ್ಟಿಯಾಗಿ ಹೇಳುತ್ತಿದ್ದಳು, ನಾನು ಗೋಡೆಗೆ ಉತ್ತರ ಕೊಡುತ್ತಿದ್ದೆ.

ಕುಣಿಯ ಮಾತಿಗೆ ಬರುತ್ತೇನೆ. ಮೇಡಮ್ಮ ಮತ್ತು ಅವರ ಕೂಡಿನ ಒಬ್ಬರು ದೀಪಾವಳಿ ಅಮಾವಾಸ್ಯೆಯ ಸಂಜೆ ಸಾಮಾನು ತಂದು ಜೋಡಿಸುವುದು, ಅದೇ ರಾತ್ರಿ ಮೊದಲ ಚಿತ್ರ ತೆಗೆಯುವುದು ಎಂದು ಗೊತ್ತಾಗಿತ್ತು. ಸೌರ ಫಲಕ, ಬ್ಯಾಟರಿ ಎಲ್ಲ ಮುಂಚೆಯೇ ಬಂದಿದ್ದವು. ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ಇರಲಿಲ್ಲ. ಅದಿಲ್ಲದೆ ನಡೆಸುವುದಿಲ್ಲ ಎಂದವನು ನಾನೇ. ಬನಹಟ್ಟಿಯಲ್ಲಿ ನನ್ನ ಮಗ್ಗುಲ ಮಗ್ಗದವನ ಕೈ ಕರೆಂಟ್ ಹರಿದ ಚೌಕಟ್ಟಿಗೆ ಹತ್ತಿಕೊಂಡದ್ದನ್ನು ನಾನು ನೋಡಿದ್ದೆ. ಆ ಮಗ್ಗಕ್ಕೆ ಅರ್ಥಿಂಗ್ ಕೊಟ್ಟಿರಲಿಲ್ಲ. ಅವನು ಬದುಕಿದ, ಆದರೆ ಆ ಕೈ ಮತ್ತೆ ನೂಲು ಹಿಡಿಯಲಿಲ್ಲ. ಅಂದಿನಿಂದ ನನ್ನ ಕಾಯ್ದೆ ಅದು.

ಬೀಳಗಿಯಿಂದ ತಾಮ್ರದ ತಗಡು ತರಿಸಿದ್ದೆ. ಕುಣಿ ತೋಡಿ, ತಗಡನ್ನು ನಿಲ್ಲಿಸಿ, ಸುತ್ತ ಒಂದು ಸುತ್ತು ಉಪ್ಪು, ಒಂದು ಸುತ್ತು ಇದ್ದಲಿ ತುಂಬಿ, ಮೇಲೆ ಕೊಡದಿಂದ ನೀರು ಹಾಕಬೇಕು. ನೆಲ ಹಸಿ ಇದ್ದರೇ ಕರೆಂಟು ಕೆಳಗಿಳಿಯುತ್ತದೆ. ಅಂಗಿ ತೆಗೆದಿಟ್ಟು ಅದನ್ನೇ ಮಾಡುತ್ತಿದ್ದೆ. ಹಿನ್ನೀರಿನಲ್ಲಿ ಬಲೆ ಹಾಕುವ ನಮ್ಮ ಕೇಂದ್ರದವನೊಬ್ಬ ಬಲೆ ಹೆಗಲಿಗೇರಿಸಿಕೊಂಡು ದಿನ್ನೆಯ ಕೆಳಗೆ ಹಾದು ಹೊರಟಿದ್ದ.

“ಏನ ಮಾಮಾ, ಅಮಾಸಿ ದಿನಾ ಕುಣಿ ತೋಡಾಕತ್ತೀ? ಯಾರಿಗೋ ಅದು?”

“ಬರಾವ್ರದಾರಲೇ, ಅವರಿಗೆ.”

“ಛಲೋ ಆತ ಬಿಡು. ನನಗೂ ಒಂದಿಷ್ಟ ಜಾಗಾ ಇಡು.”

ನಕ್ಕು ಹೋದ. ಸಂಜೆಗೆ ಬರುವವರು ಮೇಡಮ್ಮ. ಅವರಿಗಾಗಿ ತೋಡುತ್ತಿದ್ದೆ, ಅದನ್ನೇ ಹೇಳಿದೆ. ಇದರಲ್ಲಿ ತಪ್ಪು ಎಲ್ಲಿದೆಯೆಂದು ನಾನು ಆಗಲೂ ಕಂಡವನಲ್ಲ, ಈಗಲೂ ಅಲ್ಲ.

ಆ ರಾತ್ರಿ ಕ್ಯಾಮೆರಾ ಶುರುವಾಯಿತು. ಗಾಜಿನ ಬುರುಡೆಯ ಕೆಳಗೆ ಬಣ್ಣದ ಗಾಜುಗಳ ಚಕ್ರ ಕಟಕ್ಕನೆ ತಿರುಗಿ ನಿಲ್ಲುತ್ತಿತ್ತು, ಮತ್ತೆ ತಿರುಗುತ್ತಿತ್ತು. ಬಿಳಿ ಬೆಳಕು ಬೀಳಬಾರದೆಂದು ನನ್ನ ಕೈಬ್ಯಾಟರಿಗೆ ಕೆಂಪು ಹಾಳೆ ಕಟ್ಟಿದ್ದರು. ಆ ಕೆಂಪು ಬೆಳಕಿನಲ್ಲಿ ನಾನು ಮಾಳಿಗೆ ಹತ್ತಿ ಇಳಿದದ್ದನ್ನು ದೋಣಿಯ ಮೇಲಿಂದ ಯಾರು ಯಾರು ನೋಡಿದರೋ ನನಗೆ ಗೊತ್ತಿಲ್ಲ.

ಮುಂದಿನದು ಛಟ್ಟಿ ಅಮಾವಾಸ್ಯೆ. ಆ ರಾತ್ರಿ ಮೇಡಮ್ಮ ಮತ್ತೆ ಬಂದಿದ್ದರು, ದೀಪಾವಳಿಯ ರಾತ್ರಿಯ ಚಿತ್ರಗಳನ್ನು ಸರಿಪಡಿಸಿಕೊಂಡು. ಸಾಲೆಯ ಒಳಕೋಣೆಯಲ್ಲಿ, ನಾನು ಮಗ್ಗಿ ಒಪ್ಪಿಸಲಾರದೆ ಬಗ್ಗಿ ನಿಂತಿದ್ದ ಮೂಲೆಯಲ್ಲೇ, ಅವರು ಕಂಪ್ಯೂಟರು ಬಿಚ್ಚಿ ತೋರಿಸಿದರು. ಬೂದು ಬಣ್ಣದ ಒಂದು ದುಂಡು, ಅದೇ ನಮ್ಮ ಇಡೀ ಆಕಾಶ. ಅದರ ಮೇಲೆ ಅಡ್ಡಡ್ಡ ಪಟ್ಟಿ, ಒಂದು ಬೆಳ್ಳಗೆ, ಒಂದು ಕರ್ರಗೆ.

“ಗಾಜು ಸರಿ ಒರಸಿಲ್ಲೇನ್ರಿ ನಾ?” ಎಂದೆ. ನೂಲಿನ ಬಿಗಿ ತಪ್ಪಿದರೆ ಅರಿವೆಯಲ್ಲಿ ಹಾಗೇ ಪಟ್ಟಿ ಬೀಳುತ್ತದೆ. ಅಂಥ ಅರಿವೆಯನ್ನು ಬನಹಟ್ಟಿಯ ವ್ಯಾಪಾರಿ ಮುಟ್ಟುವುದಿಲ್ಲ.

“ಇಲ್ಲ ಯಜಮಾನ್ರೇ, ಇದನ್ನೇ ಹುಡುಕ್ತಾ ಇರೋದು. ಮುಂದಿನ ಚಿತ್ರ ನೋಡಿ.”

ಒಂದರ ಹಿಂದೊಂದು ಚಿತ್ರ ಓಡಿಸಿದರು. ಪಟ್ಟಿಗಳು ಸರಿದವು. ನೈಋತ್ಯದಿಂದ ಈಶಾನ್ಯಕ್ಕೆ, ಸಾಲು ಸಾಲಾಗಿ, ಹಿನ್ನೀರಿನ ಮೇಲೆ ಗಾಳಿ ಬಿಟ್ಟಾಗ ತೆರೆ ದಂಡೆಗೆ ಬರುವ ಹಾಗೆಯೇ. ಗಾಳಿಯದೇ ತೆರೆ ಅಂದರು. ಕೆಳಗೆ ಎಲ್ಲೋ ಗಾಳಿ ಗುಡ್ಡಕ್ಕೆ ಬಡಿಯುತ್ತದೆ, ಎಲ್ಲೋ ಮಳೆಮೋಡ ಬುಸುಗುಟ್ಟಿ ಮೇಲೇಳುತ್ತದೆ. ಆ ಏಟಿಗೆ ಸಣ್ಣ ತೆರೆ ಹುಟ್ಟಿ ಮೇಲೆ ಹತ್ತುತ್ತದೆ. ಮೇಲೆ ಹೋದಂತೆ ಗಾಳಿ ತೆಳ್ಳಗಾಗುವುದರಿಂದ ತೆರೆ ದೊಡ್ಡದಾಗುತ್ತ ಹೋಗುತ್ತದೆ. ಕೆಳಗೆ ಯಾರ ಕೂದಲೂ ಅಲುಗಿರುವುದಿಲ್ಲ, ಮೇಲೆ ಆಕಾಶವೇ ತೂಗಾಡುತ್ತಿರುತ್ತದೆ.

ನನಗೆ ಆ ರಾತ್ರಿ ನಿದ್ದೆಯ ಯೋಚನೆಯೇ ಇರಲಿಲ್ಲ. ಬೆಳಗಾದೊಡನೆ ತಮ್ಮನಿಗೆ ಹೇಳಬೇಕು, ಒಮ್ಮೆ ಕರಕೊಂಡು ಬಂದು ತೋರಿಸಬೇಕು ಎಂದು ದಾರಿಯುದ್ದ ಮಾತು ಜೋಡಿಸುತ್ತ ಬಂದೆ. ಕೇಂದ್ರಕ್ಕೆ ಬಂದಾಗ ಅವನ ಮನೆಯ ಮುಂದೆ ಮಂದಿ ಕೂತಿದ್ದರು. ಇರುಳು ಹೊಟ್ಟೆನೋವು ಎದ್ದು, ಗಾಡಿ ಸಿಗುವುದರೊಳಗೆ ಎಲ್ಲ ಮುಗಿದಿತ್ತು. ಕೂಸು ತಿಂಗಳು ತುಂಬದೆ, ಉಸಿರಿಲ್ಲದೆ ಹುಟ್ಟಿತ್ತು. ನಾನು ಬರುವುದರೊಳಗೆ ಮಣ್ಣು ಮಾಡಿ ಬಂದಿದ್ದರು. ನನಗೆ ಯಾರೂ ಹೇಳಿ ಕಳಿಸಿರಲಿಲ್ಲ. ಯಾಕೆಂದು ನನ್ನ ಹೆಂಡತಿಯನ್ನು ಕೇಳಿದೆ. ಅವಳು ನನ್ನ ಮುಖ ನೋಡಲಿಲ್ಲ.

ಆಮೇಲೆ ಒಂದೊಂದೇ ಕಿವಿಗೆ ಬಿತ್ತು. ಬಲೆಯವನು ಚಹಾದಂಗಡಿಯಲ್ಲಿ ದೀಪಾವಳಿಯ ಮಾತನ್ನು ಹೇಳಿದ್ದ. ಅವನು ನಕ್ಕೇ ಹೇಳಿದ್ದನಂತೆ. ಕೇಳಿದವರು ನಗಲಿಲ್ಲ. ಅಮಾವಾಸ್ಯೆ, ಬರಿಮೈ, ಉಪ್ಪು, ಇದ್ದಲಿ, ಕೊಡದ ನೀರು, ಕೆಂಪು ದೀಪ. ಕುಣಿ ಯಾರಿಗೆ ಅಂದರೆ ‘ಬರಾವ್ರಿಗೆ’. ನಮ್ಮ ಎರಡು ಮನೆಗಳಲ್ಲಿ ಆಗ ಬರುವವರು ಯಾರೆಂದು ಎಲ್ಲರಿಗೂ ಗೊತ್ತಿತ್ತು. ನಮ್ಮ ಮಾತಿನಲ್ಲಿ ಕುಣಿ ಅಂದರೆ ತಗ್ಗೂ ಹೌದು, ಹೆಣ ಇಡುವ ಜಾಗವೂ ಹೌದು. ಕೆಲವರು ನಿಧಿಗೆ ಬಲಿ ಕೊಟ್ಟ ಅಂದರು, ಕೆಲವರು ಮಾಟ ಅಂದರು. ಚಹಾದಂಗಡಿಗೆ ನಾನು ಹೋದರೆ ಮಾತು ನಿಲ್ಲುತ್ತಿತ್ತು. ಒಬ್ಬ ಮುದುಕ ಮಾತ್ರ ನೇರ ಕೇಳಿದ.

“ಅದೇನು ಹುಗದೀಯೋ ಸಾಲಿ ಹಿಂದ?”

“ಅರ್ಥಿಂಗ್.”

“ಅಂದ್ರ?”

“ಅರ್ಥಿಂಗ್ ಅಂದ್ರ ಅರ್ಥಿಂಗ್. ಕರೆಂಟಿಂದು.”

“ನೋಡ್ರಪಾ, ಅರ್ಥ ಕೇಳಿದ್ರ ಅರ್ಥಿಂಗ್ ಅಂತಾನ. ಕಂಬಾನ ಇಲ್ಲದ ಊರಾಗ ಕರೆಂಟ್ ಅಂತ.”

ನಕ್ಕರು. ಸೌರ ಫಲಕದ ವಿಷಯ ಹೇಳಬಹುದಿತ್ತು. ನಾನು ಚಹಾದ ಲೋಟ ಇಟ್ಟು ಎದ್ದುಬಂದೆ.

ತಮ್ಮ ಕೇಳಿದ್ದು ಒಂದು ಸಂಜೆ, ಹಿತ್ತಲ ಗೋಡೆಯ ಮೇಲಿಂದ ತಲೆ ಎತ್ತಿ.

“ಯಣ್ಣಾ, ಬರಾವ್ರಿಗೆ ಕುಣಿ ಅಂದಿದ್ದಿಯಂತ. ಖರೆ ಏನು?”

“ಖರೆ.”

“ಯಾರಿಗಂತ ಅಂದಿ?”

ಅವನು ಕೇಳಬಾರದಿತ್ತು. ಸಣ್ಣವನಿದ್ದಾಗ ಹೊಳೆ ಬಂದ ವರ್ಷ ಅವನನ್ನು ಹೆಗಲ ಮೇಲೆ ಕೂಡಿಸಿಕೊಂಡು ಎದೆಯುದ್ದ ನೀರು ದಾಟಿದವನು ನಾನು. ಬನಹಟ್ಟಿಯಿಂದ ಅವನ ಮದುವೆಗೆ ಅರಿವೆ ಹೊತ್ತು ತಂದವನು ನಾನು. ಅವನಿಗೆ ನಾನು ಉತ್ತರ ಕೊಡಬೇಕೇ?

“ನಿನಗ ಹೇಳೂ ಅಂಥಾದ್ದಲ್ಲ,” ಎಂದೆ.

ಅವನ ತಲೆ ಗೋಡೆಯ ಕೆಳಗೆ ಹೋಯಿತು. ಅಂದಿನಿಂದ ಮಾತಿಲ್ಲ. ಆ ರಾತ್ರಿ ನನ್ನ ಹೆಂಡತಿ ತಾಟು ನನ್ನ ಮುಂದೆ ದೂಡಿ ಕೂತಳು.

“ಮೇಡಮ್ಮ ಬರಾವ್ರಿದ್ರು, ಅವರಿಗಂತ ಒಂದ ಮಾತ ಅಂದಿದ್ರ ಮುಗದ ಹೋಗತಿತ್ತು.”

“ಅಂವಗ ಗೊತ್ತಿರಬೇಕು.”

“ಹೆಂಗ ಗೊತ್ತಿರಬೇಕು? ನಿಮ್ಮ ಹೊಟ್ಯಾಗಿಂದು ಅವನ ಹೊಟ್ಟಿಗೆ ಹೆಂಗ ಹೋಗಬೇಕು? ವಾಯರ್ ಎಳದೀರೇನು?”

ನಾನು ಉಣ್ಣದೆ ಎದ್ದೆ.

ಎಳ್ಳಮಾವಾಸ್ಯೆ ಹತ್ತಿರ ಬಂದಂತೆ ನನಗೆ ಒಂದೇ ಚಿಂತೆ. ಚರಗಕ್ಕೆ ತಮ್ಮ ಬರುತ್ತಾನೋ ಇಲ್ಲವೋ. ಬಾರದಿದ್ದರೆ ಆ ಹೊಲದ ಪಟ್ಟಿ ಎರಡಾಯಿತೆಂದೇ ಅರ್ಥ. ಕೇಂದ್ರದ ಮಂದಿಗೂ ಅದು ಗೊತ್ತಿತ್ತು. ಅವರೂ ಕಾಯುತ್ತಿದ್ದರು. ಅತ್ತ ಮೇಡಮ್ಮ ಫೋನಿನಲ್ಲಿ, ಈ ಅಮಾವಾಸ್ಯೆ ತೀರ ಮುಖ್ಯ, ಚಳಿಗಾಲದ ಆಕಾಶ ಇಷ್ಟು ಶುದ್ಧ ಮತ್ತೆ ಸಿಗುವುದಿಲ್ಲ, ತಾವು ಬರಲಾಗುವುದಿಲ್ಲ, ನೀವೇ ನಡೆಸಬೇಕು ಎಂದು ಹೇಳಿದ್ದರು. ನನ್ನನ್ನೇ ನಂಬಿ ಬಿಟ್ಟದ್ದಕ್ಕೆ ನನಗೆ ಹೆಮ್ಮೆಯೂ ಇತ್ತು.

ಎಳ್ಳಮಾವಾಸ್ಯೆಯ ದಿನ ನಾನು, ನನ್ನ ಹೆಂಡತಿ ಬುಟ್ಟಿ ಹೊತ್ತು ಹೊಲಕ್ಕೆ ಹೋದೆವು. ಜೋಳ ಎದೆಯೆತ್ತರ ನಿಂತಿತ್ತು. ತಮ್ಮ ಬಂದಿದ್ದ, ಹೆಂಡತಿಯನ್ನೂ ಕರಕೊಂಡು. ಆದರೆ ಅವರ ಕೈಯಲ್ಲಿ ಬುಟ್ಟಿ ಇರಲಿಲ್ಲ. ಬದುವಿನ ಮೇಲೆ ನಿಂತೇ ಇದ್ದರು. ತಮ್ಮ ನನ್ನ ಹೆಂಡತಿಯ ಕಡೆ ನೋಡಿ ಮಾತಾಡಿದ.

“ಅತ್ತಿಗಿ, ಚರಗದಕಿಂತ ಮದಲ ಆ ಕುಣಿ ತಗದ ತೋರಸಂತ ಹೇಳು. ಒಳಗೇನೂ ಇಲ್ಲಂದ್ರ ನಾ ತಂಬಿಗಿ ಹಿಡೀತೀನಿ.”

ಅರ್ಥಿಂಗ್ ಕಿತ್ತರೆ ಆ ರಾತ್ರಿ ಕ್ಯಾಮೆರಾ ಇಲ್ಲ. ಒಣಗಿದ ನೆಲದಲ್ಲಿ ಮತ್ತೆ ತುಂಬಿ, ನೀರು ಹೊತ್ತು ಹಾಕಿ, ಹಸಿ ಹಿಡಿಯುವುದಕ್ಕೆ ಸಮಯ ಬೇಕು. ಆಗುವುದಿಲ್ಲ ಎಂದು ಬಾಯಿಗೆ ಬಂದಿತ್ತು. ಆದರೆ ಆಕೆ ಅವನ ಹಿಂದೆ ಸೆರಗು ಹೊತ್ತು ನಿಂತಿದ್ದಳು, ನಿಂತದ್ದೇ ಒಂದು ಕಡೆಗೆ ವಾಲಿ. ಅಷ್ಟು ದೂರ ನಡೆದು ಬಂದಿದ್ದಳು.

“ನಡೀರಿ,” ಎಂದೆ. ಮನಸ್ಸಿನೊಳಗೆ ಒಂದು ಹಟವೂ ಇತ್ತು. ತೋರಿಸಿಯೇ ಬಿಡುತ್ತೇನೆ, ಉಪ್ಪು ಮತ್ತು ಇದ್ದಲಿ ನೋಡಿ ಇವನು ತಲೆ ತಗ್ಗಿಸಲಿ, ಎಂಬ ಹಟ.

ಸಾಲೆಯ ಹಿಂದೆ ನಾಲ್ವರೂ ನಿಂತೆವು. ನಾನೇ ಸನಿಕೆ ಹಿಡಿದೆ. ಮಣ್ಣು ಬಂತು, ಕರಗಿ ಗಟ್ಟಿಯಾದ ಉಪ್ಪು ಬಂತು, ಒದ್ದೆ ಇದ್ದಲಿ ಬಂತು. ಒಂದೊಂದು ಸನಿಕೆ ತೆಗೆದು ತಮ್ಮನ ಕಾಲ ಹತ್ತಿರ ಹಾಕಿದೆ. ಅವನ ಮುಖ ಸ್ವಲ್ಪ ಸಡಿಲಾದದ್ದು ಕಂಡೆ. ಆಮೇಲೆ ಸನಿಕೆ ಟಣ್ಣೆಂದಿತು. ನಾನು ಕೈ ಹಾಕಿ ತಂತಿ ಬಿಡಿಸಿ ತಗಡನ್ನು ಮೇಲೆತ್ತಿದೆ.

ಎತ್ತಿದ ಮೇಲೆ ನನಗೆ ಹೊಳೆಯಿತು, ನಾನು ಏನು ಎತ್ತಿ ಹಿಡಿದಿದ್ದೇನೆಂದು. ಮಾಟ ಮಾಡುವವರು ತಾಮ್ರದ ತಗಡಿನ ಮೇಲೆಯೇ ಹೆಸರು ಕೊರೆದು ಹುಗಿಯುತ್ತಾರೆ. ಇದನ್ನು ನಮ್ಮಲ್ಲಿ ತೊಟ್ಟಿಲ ಕೂಸೂ ಬಲ್ಲದು. ನಾನು ಬಲ್ಲೆ, ಆದರೆ ಈ ತಗಡಿಗೆ ಅದನ್ನು ಹಚ್ಚಿ ಒಮ್ಮೆಯೂ ಯೋಚಿಸಿರಲಿಲ್ಲ. ನನಗೆ ಅದು ಬರೇ ಅರ್ಥಿಂಗಿನ ತಗಡು. ಹಸಿರು ಕಿಲುಬು ಹಿಡಿದು ನನ್ನ ಕೈಯಲ್ಲಿ ನೀರು ತೊಟ್ಟಿಕ್ಕುತ್ತಿತ್ತು. ನನ್ನ ಹೆಂಡತಿಯೇ ಒಂದು ಹೆಜ್ಜೆ ಹಿಂದೆ ಸರಿದಳು.

“ಬರದೈತಿ ಅದರ ಮ್ಯಾಲ,” ಎಂದ ತಮ್ಮ.

ಮೂಲೆಯಲ್ಲಿ ಅಕ್ಷರ ಒತ್ತಿತ್ತು. ಹೆಬ್ಬೆರಳಿನಿಂದ ಉಜ್ಜಿದೆ. ಕನ್ನಡವಾಗಿದ್ದರೆ ಓದುತ್ತಿದ್ದೆ. ಇಂಗ್ಲಿಷ್ ಇತ್ತು.

“ಓದು,” ಎಂದ.

“ಇಂಗ್ಲಿಷ್ ಐತಿ. ಅಂಗಡಿಯವರ ಮುದ್ರಿ ಇರಬೇಕು.”

“ಇರಬೇಕು ಅಂದ್ರ?”

ತಗಡನ್ನು ಮತ್ತೆ ಉಜ್ಜಿದೆ. ಆಗ ಅವನ ಹಿಂದಿನಿಂದ ಆಕೆ ಮಾತಾಡಿದಳು. ಗೋಡೆಗಲ್ಲ, ನನ್ನ ಹೆಂಡತಿಗಲ್ಲ, ನನಗೆ.

“ಭಾವಾರ, ನನ್ನ ಹೆಸರ ಐತೇನ್ರಿ ಅದರಾಗ?”

“ಇಲ್ಲವ್ವಾ. ನಿನ್ನ ಹೆಸರ ಯಾಕಿರತೈತಿ?”

“ಓದಾಕ ಬರೂದಿಲ್ಲ ನಿಮಗ. ಇಲ್ಲಂತ ಹೆಂಗ ಹೇಳ್ತೀರಿ?”

ಸಿಟ್ಟಿನಿಂದ ಕೇಳಲಿಲ್ಲ. ಖರೇನೇ ತಿಳಿಯಬೇಕಾಗಿತ್ತು ಆಕೆಗೆ. ಅದೇ ಸಾಲೆಯ ಗೋಡೆಗೆ ನನ್ನ ಬೆನ್ನು ಹತ್ತಿತ್ತು. ಇಷ್ಟು ವರ್ಷ ದುಡಿದು ಯಾರಿಂದಲೂ ಆಡಿಸಿಕೊಳ್ಳದ ಮಾತನ್ನು ಎಂದೂ ಮಾತಾಡದ ಆಕೆ ಆಡಿಬಿಟ್ಟಿದ್ದಳು, ಮತ್ತು ಅದರಲ್ಲಿ ಸುಳ್ಳಿರಲಿಲ್ಲ. ಮೇಡಮ್ಮ ಬರುವವರಿದ್ದರು, ಅವರಿಗಾಗಿ ತೋಡಿದ್ದು ಎಂದು ಆಗ ಹೇಳಿದೆ. ಅದು ಹೇಳುವ ಹೊತ್ತು ಮೀರಿ ಹೋಗಿತ್ತು. ಹೊಸದಾಗಿ ಹುಟ್ಟಿಸಿದ ನೆವದ ಹಾಗೆ ನನ್ನ ಕಿವಿಗೇ ಕೇಳಿಸಿತು.

ತಗಡನ್ನು ಪಂಚೆಗೆ ಒರೆಸಿ ಆಕೆಯ ಮುಂದೆ ನೆಲದ ಮೇಲೆ ಇಟ್ಟೆ.

“ತಗೊಂಡ ಹೋಗವಾ. ನಿನಗ ಯಾರ ಮ್ಯಾಲ ನಂಬಿಗಿ ಐತಿ ಅವರ ಕಡೆ ಓದಸು. ನಾ ಬರೂದಿಲ್ಲ, ಯಾರಿಗೂ ಹೇಳೂದೂ ಇಲ್ಲ.”

ತಮ್ಮ ಅದನ್ನು ಕಾಲಿನಿಂದ ದೂಡಹೋದ. ಆಕೆ ಬಗ್ಗಿ, ಕೈ ತಾಗಿಸದೆ, ಸೆರಗಿನಲ್ಲಿ ಹಿಡಿದು ಎತ್ತಿಕೊಂಡಳು. ಇಬ್ಬರೂ ಕೇಂದ್ರದ ದಾರಿ ಹಿಡಿದರು. ತಂಬಿಗೆ ಹಿಡಿಯುವ ಮಾತು ಅಲ್ಲಿಗೆ ಬಿತ್ತು.

ನನ್ನ ಹೆಂಡತಿ, “ನಾ ನೀರ ಹಾಕ್ತೀನಿ ನಡೀರಿ,” ಎಂದಳು. ಬೇಡವೆಂದೆ. ಒಬ್ಬನೇ ಬುಟ್ಟಿ ಹಿಡಿದು ಜೋಳದೊಳಗೆ ನಡೆದೆ, ಕೂಗಿದೆ. ಹಿಂದೆ ಯಾರೂ ಓಗೊಡದಿದ್ದರೆ ಆ ಕೂಗು ಹುಚ್ಚನ ಕೂಗಿನಂತೆ ಕೇಳುತ್ತದೆ. ಅರ್ಧ ಹೊಲಕ್ಕೆ ಕೂಗುವುದನ್ನು ಬಿಟ್ಟು ಸುಮ್ಮನೆ ಚೆಲ್ಲಿ ಮುಗಿಸಿದೆ.

ಆ ರಾತ್ರಿ ಸಾಲೆಗೆ ಹೋದೆ, ಕ್ಯಾಮೆರಾ ಹಚ್ಚಲಿಲ್ಲ. ಹಚ್ಚಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಚಳಿಗಾಲದಲ್ಲಿ ಸಿಡಿಲೇನೂ ಹೊಡೆಯುತ್ತಿರಲಿಲ್ಲ. ಆದರೆ ಅರ್ಥಿಂಗಿಲ್ಲದೆ ಇಲ್ಲವೆಂದು ಕಾಯ್ದೆ ಹಾಕಿದವನು ನಾನೇ. ಮೇಡಮ್ಮನಿಗೆ ಫೋನ್ ಮಾಡಿ ಅರ್ಥಿಂಗ್ ಕಿತ್ತಿದ್ದೇನೆ ಎಂದೆ.

“ಅಯ್ಯೋ, ಈ ಅಮಾವಾಸ್ಯೆ ಹೋಯ್ತಲ್ಲ ಯಜಮಾನ್ರೇ. ಯಾಕೆ ಕಿತ್ರಿ?”

“ಮನಿ ಕೆಲಸ ಇತ್ರಿ,” ಎಂದೆ. ಫೋನ್ ಇಟ್ಟೆ.

ಮಾಳಿಗೆಯ ಮೇಲೆ ಕಂಬಳಿ ಹೊದ್ದು ಮಲಗಿ ನೋಡಿದೆ. ಚುಕ್ಕೆ ಬಿಟ್ಟರೆ ಏನೂ ಇಲ್ಲ. ಮೇಲೆ ತೆರೆ ಹೊರಟಿದ್ದರೂ ಹೊರಟಿರಬಹುದು. ಒಡೆದದ್ದು ಕೂಡಿಕೊಂಡು ಬೆಳಕು ಬಿಡುತ್ತಿದ್ದರೂ ಬಿಡುತ್ತಿರಬಹುದು. ನನ್ನ ಕಣ್ಣಿಗೆ ಅದು ಹತ್ತುವಂಥದ್ದಲ್ಲ. ನೋಡುವ ಯಂತ್ರ ನನ್ನ ತಲೆಯ ಹತ್ತಿರವೇ ತಣ್ಣಗೆ ಕೂತಿತ್ತು.

ಕೆಲವು ದಿನ ಕಳೆದ ಮೇಲೆ ಒಂದು ಮುಂಜಾನೆ ತಗಡು ನಮ್ಮ ಕಟ್ಟೆಯ ಮೇಲೆ ಇತ್ತು. ಅದೇ ಎಂದು ಗುರುತು ಹತ್ತಲಿಲ್ಲ. ತಮ್ಮನ ಹೆಂಡತಿ ಹುಣಸೆಹಣ್ಣು ಹಚ್ಚಿ ತಿಕ್ಕಿದ್ದಳು, ಪೂಜೆಯ ತಂಬಿಗೆ ತಿಕ್ಕಿದ ಹಾಗೆ. ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು.

“ಒಬ್ಬಾಕಿನ ಬಸ್ಸಿಗೆ ಬೀಳಗಿಗೆ ಹೋಗಿ ಬಂದಾಳ,” ಎಂದಳು ನನ್ನ ಹೆಂಡತಿ. “ಯಾರಿಗೆ ತೋರಸಿದ್ಲೋ ಹೇಳಲಿಲ್ಲ. ಅಂಗಡಿ ಹೆಸರಂತ, ತೂಕದ ನಂಬರಂತ. ಅಷ್ಟ.”

“ಅಂವ ಏನಂದ?”

“ಅಂವ ಏನೂ ಅಂದಿಲ್ಲ. ಓದಾವ್ರಿಗೂ ನಿಮ್ಮಣ್ಣ ಹೇಳಿಕೊಟ್ಟಿರಬೇಕು ಅಂತ ಮಂದಿ ಅವನ ಮುಂದ ಅಂತಾರಂತ. ಅಂವ ಹೂಂ ಅಂತಾನೂ ಇಲ್ಲ, ಊಹೂಂ ಅಂತಾನೂ ಇಲ್ಲ.”

ತಗಡನ್ನು ಮತ್ತೆ ಹುಗಿದೆ. ಅಮಾವಾಸ್ಯೆಯಲ್ಲದ ದಿನ, ಅಂಗಿ ತೊಟ್ಟುಕೊಂಡು, ಹಾಡಹಗಲಿನಲ್ಲಿ, ದಾರಿಯಲ್ಲಿ ಹಾಯುವವರಿಗೆಲ್ಲ ಕಾಣುವ ಹಾಗೆ. ಯಾರಿಗೆಂದು ಯಾರೂ ಕೇಳಲಿಲ್ಲ. ಬಲೆಯವನು ದೂರದಿಂದ ನನ್ನನ್ನು ಕಂಡು ಬೇರೆ ದಾರಿ ಹಿಡಿದ. ಅವನ ಮೇಲೆ ನನಗೆ ಸಿಟ್ಟಿಲ್ಲ, ಅವನು ಇದ್ದದ್ದನ್ನೇ ಹೇಳಿದ್ದ. ಮುಂದಿನ ಅಮಾವಾಸ್ಯೆಗಳಲ್ಲಿ ಕ್ಯಾಮೆರಾ ನಡೆಯಿತು, ಮೇಡಮ್ಮನಿಗೆ ತೆರೆಗಳು ಸಿಕ್ಕವು. ಗೋಡೆಯಾಚೆಯ ಒಗ್ಗರಣೆಗೆ ನನಗೆ ಸೀನು ಬರುವುದೂ ನಿಲ್ಲಲಿಲ್ಲ. ಆದರೆ ನಾನು ಸೀನಿದರೆ ಆಚೆ ಮಾತು ತಗ್ಗುತ್ತಿತ್ತು.

ಮರುವರ್ಷದ ಎಳ್ಳಮಾವಾಸ್ಯೆಗೆ ನಾನು ಯಾರನ್ನೂ ಕರೆಯಲಿಲ್ಲ. ಕರೆಯುವುದು ನನ್ನಿಂದ ಆಗಲಿಲ್ಲ. ಹೊಲಕ್ಕೆ ಹೋದಾಗ ತಮ್ಮನ ಹೆಂಡತಿ ಬುಟ್ಟಿ ಇಳಿಸಿ ಕೂತಿದ್ದಳು, ನನ್ನ ಹೆಂಡತಿ ಹೋಗಿ ಆಕೆಯ ಬುಟ್ಟಿಯ ಪಕ್ಕ ತನ್ನ ಬುಟ್ಟಿ ಇಟ್ಟಳು. ತಮ್ಮ ಬದುವಿನ ಮೇಲೆ ನನಗೆ ಬೆನ್ನು ಮಾಡಿ ನಿಂತಿದ್ದ. ನಾನು ಎಡೆ ಕಲಸಿಕೊಂಡು ಜೋಳದೊಳಗೆ ಇಳಿದು ಕೂಗಿದೆ.

ಯಾರೂ ಓಗೊಡಲಿಲ್ಲ.

ಮತ್ತೆ ಕೂಗಿದೆ. ಈ ಸಲ ಹಿಂದೆ ಜೋಳದ ಗರಿ ಸರಿದಾಡಿದವು, ನೀರು ಚಿಮುಕಿದ ಸಪ್ಪಳ ಬಂತು. ನನ್ನ ಹಿಮ್ಮಡಿಗೆ ಹನಿ ಬಿದ್ದವು. ಹಿಂದಿರುಗಿ ನೋಡುವಂತಿರಲಿಲ್ಲ. ಇಡೀ ಹೊಲದುದ್ದ ಕೂಗುತ್ತ ನಡೆದೆ, ಪ್ರತಿ ಕೂಗಿಗೂ ನೀರು ಬಿತ್ತು, ದನಿ ಬರಲಿಲ್ಲ. ಕಡೆಯ ಬದು ಮುಟ್ಟಿದ ಮೇಲೆ ತಿರುಗಿದೆ. ತಮ್ಮನೇ ಇದ್ದ. ತಂಬಿಗೆ ಬರಿದಾಗಿತ್ತು, ಬಾಯಿ ಬಿಗಿದಿತ್ತು. ಒಂದು ಗಳಿಗೆ ನನ್ನನ್ನು ನೋಡಿ, ತಂಬಿಗೆ ಬೋರಲು ಹಾಕಿ ಜಾಡಿಸಿ, ಹೆಂಗಸರು ಕೂತ ಕಡೆಗೆ ನಡೆದ.

ಊಟಕ್ಕೆ ನಾಲ್ವರೂ ಕೂತೆವು. ನಡುವೆ ಎರಡು ಬುಟ್ಟಿ ಇದ್ದವು. ಕತ್ತಲಾಗುವುದರೊಳಗೆ ಕ್ಯಾಮೆರಾದ ಗಾಜು ಒರೆಸುವುದಿತ್ತು, ನಾನು ಮೊದಲು ಎದ್ದೆ.